ಹೇಳೋದೂ ಸರಿನೇ

ಆ ಬೀದಿಯಲ್ಲಿ ಅವನಿಗೆ ಸರಿಯಣ್ಣ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಹಿಡಿದು ಕೂಗುವವರು ಒಬ್ಬೊಬ್ಬರಾಗಿ ತೀರಿಹೋದ ಮೇಲೆ ಅವನಿಗೂ ಅದು ಯಾರದೋ ಹೆಸರಿನ ಹಾಗೆ ಕೇಳಿಸುತ್ತಿತ್ತು. ಎರಡು ರಸ್ತೆ ಕೂಡುವ ಮೂಲೆಯಲ್ಲಿ ಅವನ ಕಟಿಂಗ್ ಶಾಪು. ಗೋಡೆಯಗಲದ ಕನ್ನಡಿ, ಕಾಲಿನಿಂದ ಒತ್ತಿದರೆ ನರಳುತ್ತಾ ಮೇಲೇಳುವ ಒಂದೇ ಕುರ್ಚಿ, ಸರದಿ ಕಾಯುವವರಿಗೆ ಒಂದು ಬೆಂಚು, ಬೆಂಚಿನ ಮೇಲೆ ಹತ್ತು ಕೈ ದಾಟಿ ಮೆತ್ತಗಾದ ಪೇಪರು, ಮೇಲ್ಗಡೆ ಸದಾ ಬಡಬಡಿಸುವ ಟಿವಿ. ಅಂಗಡಿ ಅಪ್ಪನಿಂದ ಬಂದದ್ದು, ಕುರ್ಚಿಯೂ ಅಪ್ಪನಿಂದ ಬಂದದ್ದು, ಅಡ್ಡಹೆಸರಿಗೆ ಕಾರಣವಾದ ಮಾತೂ ಅಪ್ಪನಿಂದಲೇ ಬಂದದ್ದು.

ಕತ್ತಿ ಕೈಗೆ ಕೊಟ್ಟ ದಿನವೇ ಅಪ್ಪ ಹೇಳಿದ್ದರು: ಗಂಟಲು ಒಪ್ಪಿಸಿ ಕೂತವನ ಜೊತೆ ವಾದಕ್ಕಿಳಿಯಬೇಡ, ಅವನು ಬೆಚ್ಚಿದರೂ ರಕ್ತ, ನೀನು ಬೆಚ್ಚಿದರೂ ರಕ್ತ. ಮಗ ಅದನ್ನು ತಲೆಯ ಮೇಲೆ ಹೊತ್ತುಕೊಂಡ. ಗಿರಾಕಿ ಏನೇ ಹೇಳಲಿ, ಅವನ ಉತ್ತರ ಒಂದೇ: "ನೀವು ಹೇಳೋದೂ ಸರಿನೇ."

ಗಿರಾಕಿಗಳಿಗೆ ಹೇಳಲು ಬೇಕಾದಷ್ಟಿತ್ತು. ಕುರ್ಚಿಯಲ್ಲಿ ಕೂತು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡರೆ ಸಾಕು, ಮನೆಯಲ್ಲಿ ಹೆಂಡತಿಯ ಮುಂದೆ ಉಸಿರೆತ್ತದ ಗಂಡಸೂ ದೇಶ ಆಳಲು ಶುರುಮಾಡುತ್ತಿದ್ದ. ಮೆಷಿನ್‌ಗಳು ಬಂದು ಮನುಷ್ಯರ ಕೆಲಸವನ್ನೆಲ್ಲ ನುಂಗಿಬಿಡುತ್ತವೆ ಎಂದು ಬೆಳಗಿನವನು ಹೇಳಿದರೆ, ಮನುಷ್ಯರೇ ಕಳ್ಳರು, ಸರ್ಕಾರವನ್ನೂ ಮೆಷಿನ್ ಕೈಗೆ ಕೊಟ್ಟುಬಿಡಬೇಕು ಎಂದು ಮಧ್ಯಾಹ್ನದವನು ಹೇಳುತ್ತಿದ್ದ. ಕಂಬ ಕಂಬಕ್ಕೂ ಕ್ಯಾಮೆರಾ ಹಾಕಿದ್ದಕ್ಕೆ ಒಬ್ಬನಿಗೆ ಸಮಾಧಾನ, ಇನ್ನೊಬ್ಬನಿಗೆ ಮೈಯೆಲ್ಲ ಉರಿ. ಮಂತ್ರಿಗಳು, ಯುದ್ಧಗಳು, ಫೋನಿನೊಳಗಿನ ಮೋಸಗಳು ಎಲ್ಲವೂ ಉದುರಿದ ಕೂದಲಿನ ಜೊತೆ ನೆಲಕ್ಕೆ ಬೀಳುತ್ತಿದ್ದವು. ಸಂಜೆ ಅವನು ಎಲ್ಲವನ್ನೂ ಒಟ್ಟಿಗೆ ಗುಡಿಸಿ ಹಾಕುತ್ತಿದ್ದ.

ಇಷ್ಟು ಕೇಳಿ ಅವನನ್ನು ಹೌದಪ್ಪ ಎಂದುಕೊಂಡರೆ ತಪ್ಪಾಗುತ್ತದೆ. ಬೀದಿಯವರೆಲ್ಲ ಹಾಗೇ ಅಂದುಕೊಂಡಿದ್ದರು, ಆ ಮಾತು ಬೇರೆ. ಅವನು "ಹೇಳೋದು ಸರಿ" ಎಂದು ಜನ್ಮದಲ್ಲಿ ಯಾರಿಗೂ ಹೇಳಿದವನಲ್ಲ. "ಹೇಳೋದೂ" ಎಂದು ದೀರ್ಘ ಎಳೆದೇ ಹೇಳುತ್ತಿದ್ದ. ನೀವು ಹೇಳುವುದೂ ಸರಿ ಎಂದರೆ ಸರಿಯಾದದ್ದು ಇನ್ನೊಂದೂ ಇದೆ ಎಂದು ಅರ್ಥ. ಅದರ ಹಿಂದೆಯೇ ಒಂದು 'ಆದರೆ' ಬರಬೇಕು. ಆ 'ಆದರೆ'ಯನ್ನು ಅವನು ನುಂಗಿಕೊಂಡು ಕತ್ತಿ ಒರೆಸುತ್ತಿದ್ದ, ಅಷ್ಟರಲ್ಲಿ ಗಿರಾಕಿ ತನ್ನ ಮುಂದಿನ ಮಾತಿಗೆ ಹೋಗಿರುತ್ತಿದ್ದ. ಅವನ ಪಾಲಿನ ಮಾನ ಮರ್ಯಾದೆಯೆಲ್ಲ ಆ ಒಂದು ದೀರ್ಘದಲ್ಲಿತ್ತು. ನಗುವವರು ನಗಲಿ, ಎದೆಯುಬ್ಬಿಸಿ ತಿರುಗುವ ಎಷ್ಟೋ ಜನರಿಗೆ ಅಷ್ಟೂ ಇರುವುದಿಲ್ಲ.

ನುಂಗಿದ 'ಆದರೆ'ಗಳೆಲ್ಲ ಹೊರಬರುತ್ತಿದ್ದದ್ದು ಮನೆಯಲ್ಲಿ. ಹೆಂಡತಿ ಹೊಲಿಗೆ ಕೆಲಸದವಳು. ಅವಳು ಮೆಷಿನ್ ತುಳಿಯುತ್ತಾ ಕೂತಿದ್ದರೆ ಇವನು ಬಾಗಿಲಿಗೆ ಒರಗಿ, ಹಿಂದಿನ ಬೀದಿಯ ಔಷಧಿ ಅಂಗಡಿಯವರು ಹೀಗಂದರು, ಆದರೆ ಅದು ಹಾಗಲ್ಲ, ಮೇಷ್ಟ್ರು ಹಾಗಂದರು, ಆದರೆ ಅದು ಹೀಗಲ್ಲ ಎಂದು ಒಂದೊಂದಾಗಿ ಬಿಚ್ಚುತ್ತಿದ್ದ. ಮನೆಯಲ್ಲಿ ಅವನು ಹುಲಿ. ಅವಳು ದಾರ ಕಡಿಯುತ್ತಾ, ಇದನ್ನ ಅವರ ಮುಂದೇನೇ ಹೇಳಬಾರದಿತ್ತಾ ಎಂದು ಕೇಳುತ್ತಿದ್ದಳು. ಸಮಯ ಬಂದಾಗ ಹೇಳ್ತೀನಿ ಎನ್ನುತ್ತಿದ್ದ.

ಸಮಯ ಬಂತು. ಆ ಮೂಲೆಯನ್ನು ಒಡೆದು ರಸ್ತೆ ಅಗಲ ಮಾಡುತ್ತೇವೆಂದು ನಗರಸಭೆ ಹೇಳಿತು. ಅಕ್ಕಪಕ್ಕದ ಮಳಿಗೆಗಳು ಬಾಡಿಗೆಯವು, ಅವುಗಳ ಮಾಲೀಕ ಮೊದಲೇ ತಲೆಯಾಡಿಸಿಬಿಟ್ಟಿದ್ದ. ಸ್ವಂತ ಅಂಗಡಿ ಎಂದು ಉಳಿದದ್ದು ಸರಿಯಣ್ಣನದೊಂದೇ. ಬದಲಿಗೆ ಅವನಿಗೆ ಊರಾಚೆಯ ಒಂದು ಕಾಂಪ್ಲೆಕ್ಸಿನ ನೆಲಮಾಳಿಗೆಯಲ್ಲಿ ಜಾಗ ತೋರಿಸಿದ್ದರು. ಗಂಡ ಹೆಂಡತಿ ಹೋಗಿ ನೋಡಿ ಬಂದರು. ಅಲ್ಲಿ ಹಗಲಿನಲ್ಲೂ ದೀಪ ಹಾಕಬೇಕಿತ್ತು, ಮೆಟ್ಟಿಲಿಳಿದು ಅಲ್ಲಿಯವರೆಗೆ ಗಡ್ಡ ಹೊತ್ತುಕೊಂಡು ಬರುವ ಮನುಷ್ಯ ಹುಟ್ಟಿರಲಿಲ್ಲ. ಅಂಗಡಿ ಹೋದರೆ ಬದುಕು ಹೋದ ಹಾಗೆಯೇ ಎಂದು ಇಬ್ಬರಿಗೂ ಗೊತ್ತಾಯಿತು.

ಹೆಂಡತಿ ಕೈಕಟ್ಟಿ ಕೂರುವವಳಲ್ಲ. ನಗರಸಭೆಗೆ ತಾನೇ ಅಲೆದು ನಿಯಮ ಏನೆಂದು ತಿಳಿದುಕೊಂಡು ಬಂದಳು. ಸಾರ್ವಜನಿಕರ ಸಭೆ ಕರೆಯುತ್ತಾರೆ. ಅಲ್ಲಿ ಜಾಗದ ಮಾಲೀಕ ಎದ್ದು ನಿಂತು ಒಪ್ಪಿಗೆ ಇಲ್ಲ ಎಂದು ತನ್ನ ಬಾಯಾರೆ ಹೇಳಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ರಸ್ತೆಯ ತಿರುವನ್ನು ಎದುರಿನ ಪಾಳುಜಾಗದ ಕಡೆಗೆ ಸರಿಸಲೇಬೇಕಾಗುತ್ತದೆ. ಹೇಳದಿದ್ದರೆ ಒಪ್ಪಿದ ಲೆಕ್ಕ. ಹೇಳಿದ್ದನ್ನು ಯಾರೂ ತಿರುಚದಂತೆ, ಮಾತು ಕೇಳಿ ತಾನೇ ಬರೆದುಕೊಳ್ಳುವ ಹೊಸ ಯಂತ್ರವನ್ನು ಸಭೆಗೆ ತಂದಿದ್ದರು. ಅದರ ಸುದ್ದಿ ಪೇಪರಿನಲ್ಲೂ ಬಂದಿತ್ತು. ಇನ್ನು ಗುಮಾಸ್ತರ ಕೈಚಳಕ ನಡೆಯುವುದಿಲ್ಲ ಎಂದು ಔಷಧಿ ಅಂಗಡಿಯವರು ಕುರ್ಚಿಯಲ್ಲಿ ಕೂತು ಹಿಗ್ಗಿದರು. ಯಂತ್ರಕ್ಕೆ ಭಾಷೆ ಎಲ್ಲಿಂದ ಬರಬೇಕು ಎಂದು ಮೇಷ್ಟ್ರು ಮೂಗು ಮುರಿದರು. ಮೇಷ್ಟ್ರು ಎಂದರೆ ಜೀವಮಾನವೆಲ್ಲ ಮಕ್ಕಳಿಗೆ ವ್ಯಾಕರಣ ಹೇಳಿ ನಿವೃತ್ತರಾದವರು. ಇಬ್ಬರಿಗೂ ಸರಿಯಣ್ಣ ಒಂದೇ ಉತ್ತರ ಕೊಟ್ಟ. ಸಭೆಗೆ ನಾವೂ ಬರ್ತೀವಿ, ನಿನ್ನ ಹಿಂದೆ ಗೋಡೆ ಥರ ನಿಲ್ತೀವಿ ಎಂದು ಇಬ್ಬರೂ ಮಾತು ಕೊಟ್ಟರು. ಸರ್ಕಾರವನ್ನು ಬೈಯುವಾಗ ಅವರ ಗಲ್ಲ ಎಷ್ಟು ಕುಣಿಯುತ್ತಿತ್ತೆಂದರೆ ಸರಿಯಣ್ಣ ಕತ್ತಿಯನ್ನು ದೂರ ಹಿಡಿದು ಕಾಯಬೇಕಾಯಿತು.

ಮನೆಯಲ್ಲಿ ಹೆಂಡತಿ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ, "ನನಗೆ ಒಪ್ಪಿಗೆ ಇಲ್ಲ" ಎಂದು ಹೇಳಿಸಿದಳು. ಮೊದಮೊದಲು 'ಒಪ್ಪಿಗೆ' ಎಂಬಲ್ಲಿಗೇ ನಿಲ್ಲಿಸಿಬಿಡುತ್ತಿದ್ದ. ಆಮೇಲೆ ಚೆನ್ನಾಗಿಯೇ ಬಂತು. ಕೊನೆಗೆ ತಟ್ಟೆಗೆ ಇನ್ನಷ್ಟು ಬಡಿಸಲು ಹೋದರೂ ನನಗೆ ಒಪ್ಪಿಗೆ ಇಲ್ಲ ಎನ್ನತೊಡಗಿದ. ಇಬ್ಬರೂ ನಕ್ಕರು.

ಸಭೆಗೆ ಗೋಡೆ ಬರಲಿಲ್ಲ. ಔಷಧಿ ಅಂಗಡಿಯವರಿಗೆ ಮಾಲು ಬರುವ ದಿನವಂತೆ, ಮೇಷ್ಟ್ರಿಗೆ ಮಂಡಿನೋವಂತೆ. ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಮುಕ್ಕಾಲುಪಾಲು ಖಾಲಿ ಇದ್ದವು. ಹೆಂಡತಿ ಹಿಂದಿನ ಸಾಲಿನಲ್ಲಿ ಕೂತಳು. ಎದುರಿಗೆ ಮೇಜು, ಮೇಜಿನ ಮೇಲೆ ಕೆಂಪು ದೀಪದ ಮೈಕು, ಪಕ್ಕದಲ್ಲೊಂದು ಪರದೆ. ಮೈಕಿನ ಮುಂದೆ ಯಾರು ಏನು ಹೇಳಿದರೂ ಅದು ಗ್ರಂಥದ ಭಾಷೆಗೆ ತಿರುಗಿ ಪರದೆಯ ಮೇಲೆ ಮೂಡುತ್ತಿತ್ತು. ಅಧಿಕಾರಿ ಒಬ್ಬ ಹೆಂಗಸು. ಗದರುವವರಾಗಿದ್ದರೆ ಬಹುಶಃ ಅವನಿಗೂ ರೋಷ ಬರುತ್ತಿತ್ತು. ಆಕೆ ಗದರಲಿಲ್ಲ. ಅವನನ್ನು ಮೈಕಿನ ಮುಂದೆ ಬರಮಾಡಿಕೊಂಡು ಮೆತ್ತಗಿನ ದನಿಯಲ್ಲಿ ಕೇಳಿದರು:

"ನೋಡಿ, ಹೋದ ತಿಂಗಳು ನಿಮ್ಮ ಮೂಲೇಲೇ ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ತು. ನೀವೂ ನೋಡಿರ್ತೀರ. ರಸ್ತೆ ಅಗಲ ಆದ್ರೆ ಒಂದು ಜೀವ ಉಳಿಯುತ್ತೆ. ನಾನು ಹೇಳೋದು ತಪ್ಪಾ?"

ಅವನು ನೋಡಿದ್ದ. ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಹೋಗಿ, ಅಡ್ಡ ನಿಂತ ಸ್ಕೂಟರುಗಳನ್ನು ಎತ್ತಿ ಸರಿಸಿದ್ದವನು ಅವನೇ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಹೌದು ಎನ್ನಬೇಕು, ಆಮೇಲೆ ಎದುರಿಗಿನ ಪಾಳುಜಾಗದ ಮಾತು ತೆಗೆಯಬೇಕು, ಆಮೇಲೆ ಒಪ್ಪಿಗೆ ಇಲ್ಲ ಎನ್ನಬೇಕು. ಎಲ್ಲವೂ ಸಾಲಾಗಿ ತಲೆಯೊಳಗಿತ್ತು.

"ನೀವು ಹೇಳೋದೂ ಸರಿನೇ ಮೇಡಂ," ಎಂದ.

ಎಂದು, ನಿಲ್ಲಿಸಿದ. ಅಲ್ಲಿ ನಿಲ್ಲುವುದು ಅವನಿಗೆ ಒಂದು ಆಯುಷ್ಯದ ರೂಢಿ. ಅದು ಕತ್ತಿ ಒರೆಸುವ ಹೊತ್ತು, ಗಿರಾಕಿ ಮುಂದಿನ ಮಾತಿಗೆ ಹೋಗುವ ಹೊತ್ತು. ಅಧಿಕಾರಿ ತುಂಬಾ ಸಂತೋಷ ಎಂದರು. ಕೆಂಪು ದೀಪ ಆರಿತು. ಅವನು "ಆದರೆ" ಎಂದ. ಅಷ್ಟರಲ್ಲಿ ಚರಂಡಿಯ ವಿಷಯಕ್ಕೆ ಬಂದಿದ್ದ ಮುಂದಿನವನು ಮೈಕನ್ನು ತನ್ನ ಕಡೆ ಎಳೆದುಕೊಂಡಿದ್ದ. ಹಿಂದಿನ ಸಾಲಿನಲ್ಲಿ ಹೆಂಡತಿ ಎದ್ದು ನಿಂತು, "ಅವರ ಮಾತು ಇನ್ನೂ ಮುಗಿದಿಲ್ಲ," ಎಂದಳು. ಮಾಲೀಕರಲ್ಲದವರು ಮಾತಾಡುವ ಹಾಗಿಲ್ಲಮ್ಮ ಎಂದು ಜವಾನ ಅವಳನ್ನು ಕೂರಿಸಿದ. ಪರದೆಯ ಮೇಲೆ ಅಚ್ಚುಕಟ್ಟಾಗಿ ಮೂಡಿತ್ತು: ತಾವು ಹೇಳುವುದು ಸರಿ.

ಮನೆಯೊಳಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಅವಳು ಅಂದಳು:

"ನಂಗೊಬ್ಬಳಿಗೇ ನೋಡಿ ನಿಮ್ಮ 'ಆದರೆ' ಎಲ್ಲಾ. ಊರಿಗೆಲ್ಲಾ 'ಸರಿ', ಮನೆಗೆ ಮಾತ್ರ 'ಆದರೆ'."

ಮಾರನೆಯ ದಿನ ಅವನು ಅಂಗಡಿ ಮುಚ್ಚಿ ನಗರಸಭೆಗೆ ಹೋದ. ಬದುಕಿನಲ್ಲಿ ಮೊದಲ ಸಲ ಒಂದು ಅಕ್ಷರಕ್ಕಾಗಿ ಜಗಳವಾಡಿದ. ನಾನು 'ಹೇಳೋದು' ಅಂದಿಲ್ಲ, 'ಹೇಳೋದೂ' ಅಂದಿದ್ದು, ದೀರ್ಘ ಇತ್ತು, ನನ್ನ ಮಾತು ಅಲ್ಲಿಗೆ ಮುಗಿದಿರಲಿಲ್ಲ ಎಂದ. ಎದುರಿಗೆ ಕೂತವನು ಪರದೆಯ ಕಡೆ ನೋಡಿದ, ಇವನ ಕಡೆ ನೋಡಿದ. ಉದ್ದ ಮಾಡಿದ್ರೂ ಸರಿ ಸರೀನೇ ತಾನೇ ಎಂದ. ಪಕ್ಕದ ಮೇಜಿನವನು ಕೆಲಸ ಬಿಟ್ಟು ನಗಲು ಶುರುಮಾಡಿದ. ಯಂತ್ರ ಬರೆದದ್ದನ್ನು ಮನುಷ್ಯರು ತಿದ್ದುವ ಹಾಗಿಲ್ಲ, ಅದಕ್ಕೇ ಅಲ್ಲವೇ ಯಂತ್ರ ತಂದದ್ದು ಎಂದು ಇಬ್ಬರೂ ಸೇರಿ ತಿಳಿಹೇಳಿ ಕಳಿಸಿದರು. ಬೇಕಾದರೆ ಭಾಷೆ ಬಲ್ಲವರು ಯಾರಾದರೂ ಬಂದು ಹೇಳಲಿ, ಮೇಲಿನವರಿಗೆ ಕಳಿಸಿ ನೋಡೋಣ ಎಂಬ ಮಾತನ್ನೂ ಬಾಯಿಮಾತಿಗೆ ಸೇರಿಸಿದರು.

ಭಾಷೆ ಬಲ್ಲವರು ಮರುದಿನ ತಾವಾಗಿಯೇ ಬಂದು ಕುರ್ಚಿಯಲ್ಲಿ ಕೂತರು. ಸರಿಯಣ್ಣ ನೊರೆ ಹಚ್ಚುತ್ತಾ ವಿಷಯ ಹೇಳಿದ. ಮೇಷ್ಟ್ರ ಕಣ್ಣು ಅರಳಿತು. ಆ ಊಕಾರ ಇದೆಯಲ್ಲ, ಅದೇ ಆ ವಾಕ್ಯದ ಜೀವ ಎಂದರು. ಅದಿದ್ದರೆ ಅರ್ಧ ಒಪ್ಪಿಗೆ, ತೆಗೆದರೆ ಪೂರ್ತಿ ಒಪ್ಪಿಗೆ. ನಮ್ಮ ಭಾಷೆ ತಿಳಿಯದ ಯಂತ್ರಗಳು ನಾಳೆ ನಮ್ಮ ನಾಲಿಗೆಯನ್ನೇ ಕತ್ತರಿಸುತ್ತವೆ, ಇದು ಒಬ್ಬನ ಅಂಗಡಿಯ ಪ್ರಶ್ನೆಯಲ್ಲ, ಒಂದು ಜನಾಂಗದ ಪ್ರಶ್ನೆ ಎಂದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ ಬೆಂಚಿನ ಮೇಲೆ ಕೂತವರು ಪೇಪರು ಮಡಚಿಟ್ಟು ಕೇಳಿದರು. ಸರಿಯಣ್ಣನ ಕೈ ನಿಂತುಹೋಯಿತು.

"ಇದನ್ನೇ ಬಂದು ಅಲ್ಲಿ ಹೇಳ್ತೀರಾ ಸಾರ್? ಇಷ್ಟೇ. ನಾನು ರಿಕ್ಷಾ ಮಾಡಿ ಕರಕೊಂಡು ಹೋಗ್ತೀನಿ."

ಮೇಷ್ಟ್ರು ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಿಕೊಂಡರು.

"ಬರಬಹುದಿತ್ತಪ್ಪಾ. ಆದರೆ ನನ್ನ ಸೊಸೆ ನಗರಸಭೆಯಲ್ಲೇ ಕೆಲಸದಲ್ಲಿದ್ದಾಳೆ ನೋಡು. ಕಿವಿ ಹತ್ರ ಸ್ವಲ್ಪ ಸಣ್ಣ ಮಾಡು."

ಎಂತಹ ಸಲೀಸಾದ 'ಆದರೆ'. ಸರಿಯಣ್ಣ ಆಯುಷ್ಯವೆಲ್ಲ ಕೂಡಿಟ್ಟು ಒಂದನ್ನೂ ಹೊರಗೆ ತರಲಾಗದೆ ಸೋತಿದ್ದ. ಇವರ ಬಾಯಲ್ಲಿ ಅದು ನೊರೆಯ ಹಾಗೆ ಜಾರಿಬಂತು. ಅವನು ಕಿವಿಯ ಹತ್ತಿರ ಸಣ್ಣ ಮಾಡಿದ. ಅಷ್ಟು ನೀಟಾಗಿ ಮಾಡಿಕೊಟ್ಟದ್ದಕ್ಕೆ ತನ್ನ ಕೈಯ ಮೇಲೆ ತನಗೇ ಹೇಸಿಗೆಯಾಯಿತು.

ಒಡೆಯುವ ದಿನ ಗೊತ್ತಾಯಿತು. ಅಂಗಡಿಯ ಕೊನೆಯ ವಾರದಲ್ಲಿ ಔಷಧಿ ಅಂಗಡಿಯವರು ಬಂದು ಕೂತರು. ಹೆಂಡತಿ ಆಗಲೇ ಬಂದು ಕನ್ನಡಿಯ ಕೆಳಗಿನ ಸೀಸೆಗಳನ್ನು ಹಳೆ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು. ಔಷಧಿ ಅಂಗಡಿಯವರು ತಲೆ ಹಿಂದಕ್ಕೆ ಚಾಚಿಕೊಂಡೇ ಫೋನನ್ನು ಮುಖದ ಮೇಲೆ ಹಿಡಿದು ಸುದ್ದಿ ಓದಿದರು. ರಸ್ತೆ ಅಗಲಕ್ಕೆ ಜನರೆಲ್ಲ ಮನಸಾರೆ ಒಪ್ಪಿದ್ದಾರಂತೆ, ಅಂಗಡಿಯ ಮಾಲೀಕನೇ ಸಭೆಯಲ್ಲಿ ಎದ್ದು ನಿಂತು ಅಧಿಕಾರಿಯ ಮಾತನ್ನು ಮೆಚ್ಚಿಕೊಂಡನಂತೆ. ಅವರು ಲೊಚಗುಟ್ಟಿ ಫೋನನ್ನು ತೊಡೆಯ ಮೇಲಿಟ್ಟರು. ಕುತ್ತಿಗೆಯ ಮೇಲೆ ಕತ್ತಿ ಇಳಿಯುತ್ತಿತ್ತು.

"ಬೇಜಾರು ಮಾಡ್ಕೋಬೇಡ ಸರಿಯಣ್ಣ. ಸರ್ಕಾರನ ಬೈದು ಏನು ಬಂತು? ತಪ್ಪು ನಮ್ಮ ಜನದ್ದೇ. ಬಾಯಿ ಬಿಡಬೇಕಾದ ಕಡೆ ಬಾಯಿ ಬಿಡೋದಿಲ್ಲ. ನಿನ್ನಂಥೋರಿಗೆ ಹೀಗೇ ಆಗಬೇಕು. ಏನಂತೀಯ?"

ಮಾಲು ಬರುವ ದಿನದ ಮಾತು ಅವನ ಗಂಟಲಿನವರೆಗೆ ಬಂತು. ಗೋಡೆಯ ಮಾತೂ ಬಂತು. ಬೆರಳ ಕೆಳಗೆ ಆ ಮನುಷ್ಯನ ನಾಡಿ ಹಾಯಾಗಿ ಬಡಿಯುತ್ತಿತ್ತು. ಅವನು ಕತ್ತಿಯನ್ನು ಎತ್ತಿ, ಒರೆಸಿ, ಮತ್ತೆ ಇಳಿಸಿದ.

"ನೀವು ಹೇಳೋದು ಸರಿ," ಎಂದ.

ಔಷಧಿ ಅಂಗಡಿಯವರಿಗೆ ಏನೂ ಗೊತ್ತಾಗಲಿಲ್ಲ. ಅವರು ಆಗಲೇ ಪೆಟ್ರೋಲಿನ ಮಾತಿಗೆ ಹೋಗಿದ್ದರು. ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಹೆಂಡತಿ ಮಾತ್ರ ತಲೆಯೆತ್ತಿ, ಕನ್ನಡಿಯೊಳಗೆ ಗಂಡನ ಮುಖವನ್ನು ಹುಡುಕಿದಳು. ಅವನು ಅವಳ ಕಡೆ ನೋಡಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಮಾತು ಅವನ ಬಾಯಿಂದ ದೀರ್ಘವಿಲ್ಲದೆ ಬಂದದ್ದನ್ನು ಅವಳು ಕೇಳಿರಲಿಲ್ಲ. ಅವತ್ತು ಸಂಜೆ ಬಾಗಿಲಿಗೆ ಒರಗಿ ಅವನು ಏನನ್ನೂ ಹೇಳಲಿಲ್ಲ. ಅವಳು ಮೆಷಿನ್ ತುಳಿಯುವುದನ್ನು ನಿಲ್ಲಿಸಿ ಒಂದು 'ಆದರೆ'ಗಾಗಿ ಕಾದಳು.