ಹಗಲು ಹಾಕಿದ ಬಾಗಿಲು

ಅರವತ್ತರ ದಶಕದ ಮಾತು. ಕೋಳಿ ಸಾಕಣೆ ಹೇಳಿಕೊಡೋಕೆ ಅಮೆರಿಕದಿಂದ ಬಂದ ಸ್ವಯಂಸೇವಕ ಹುಡುಗನಿಗೆ ಶಿಡ್ಲಘಟ್ಟದಲ್ಲಿ ಮನೆ ಹುಡುಕುವ ಕೆಲಸ, ಬ್ಲಾಕ್ ಆಫೀಸಿನಲ್ಲಿದ್ದ ನನ್ನ ತಲೆಗೆ ಬಿತ್ತು. ನಮ್ಮ ಬೀದಿಯಲ್ಲೇ, ರೇಷ್ಮೆ ನೂಲು ತೆಗೆಯುವ ಬೀಬಮ್ಮನವರ ಮನೆಯ ಮುಂದಿನ ಕೋಣೆ ಕೊಡಿಸಿದೆ. ವಾರದೊಳಗೆ ಹುಡುಗ ಮುಖ ಸಣ್ಣದು ಮಾಡಿಕೊಂಡು ಆಫೀಸಿಗೆ ಬಂದ.

"ಸಾರ್, ನಾನು ವಾಪಸ್ ಹೋಗ್ತೀನಿ. ಸ್ವಲ್ಪ ಹೊತ್ತು ಒಬ್ಬನೇ ಇರೋಣ ಅಂತ ಬಾಗಿಲು ಹಾಕಿದ್ರೆ ಬೀದಿಯವರೆಲ್ಲ ಬಂದು ತಟ್ತಾರೆ. ಬೀಬಮ್ಮ ಮೆಣಸಿನ ಕಷಾಯ ತರ್ತಾರೆ. ಕುಡಿಯೋವರೆಗೂ ಹೋಗಲ್ಲ."

ನಗು ಬಂತು, ಪಾಪ ಅಂತಲೂ ಅನ್ನಿಸಿತು. "ಹಾಡುಹಗಲು ಬಾಗಿಲು ಹಾಕಿದ್ರೆ ಒಳಗಿರೋರಿಗೆ ಏನೋ ಆಗಿದೆ ಅಂತ ಇಲ್ಲಿ ಅರ್ಥ ಕಣಪ್ಪ. ತೆಗೆದಿಡು, ಯಾರೂ ಬರಲ್ಲ" ಅಂದೆ. ನಂಬಲಿಲ್ಲ, ಆದರೂ ತೆಗೆದಿಟ್ಟ. ಹೋಗಿಬರೋರು ಒಂದು ಸಲ ಇಣುಕಿ, ಹುಡುಗ ಚೆನ್ನಾಗಿದ್ದಾನೆ ಅಂತ ಸುಮ್ಮನೆ ಮುಂದೆ ಹೋದರಂತೆ. ವಾಪಸ್ ಹೋಗುವ ಮಾತು ಅವನು ಮತ್ತೆ ಎತ್ತಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ, ಮನೆಯವರು ತವರಿಗೆ ಹೋಗಿದ್ದರು. ಮಧ್ಯಾಹ್ನ ಆರಾಮಾಗಿ ಬಾಗಿಲು ಹಾಕಿಕೊಂಡು ಮಲಗಿದೆ. ಯಾರೋ ತಟ್ಟಿದರು. ತೆಗೆದರೆ ಇವನು, ಕೈಯಲ್ಲಿ ಹಬೆಯಾಡೋ ಲೋಟ.

"ಏನ್ ಸಾರ್, ಜ್ವರಾನಾ?"

ನನಗೇನೂ ಆಗಿಲ್ಲ ಅಂದರೂ ಹೊಸಿಲು ಬಿಟ್ಟು ಕದಲಲಿಲ್ಲ. ಕುಡಿದೆ. ಕಷಾಯ ಬೀಬಮ್ಮ ಕಲಿಸಿದ್ದೇ. ಮೆಣಸು ಮಾತ್ರ ಅವರಿಗಿಂತ ಧಾರಾಳವಾಗಿ ಹಾಕಿದ್ದ.