ನಂದೇ ಬಟ್ಟೆ, ನಂದೇ ತೇಪೆ

ಶ್ರುತಿಕವೆಯ, ಅಂದರೆ ಟ್ಯೂನಿಂಗ್ ಫೋರ್ಕಿನ, ಹಿಡಿಯ ಮೇಲೆ ಅದರ ಕಂಪನಸಂಖ್ಯೆ 512 ಎಂದು ಕೊರೆದಿತ್ತು. ಐದರ ಹೊಟ್ಟೆಯೊಳಗೆ ಸ್ವಲ್ಪ ತುಕ್ಕು. ರಬ್ಬರಿನ ತುಂಡಿಗೆ ಬಡಿದು, ಹಿಡಿಯ ತುದಿಯನ್ನು ಹಣೆಯ ನಡುವೆ ಊರಿದೆ. ನಾದ ನಡುವೆ ನಿಲ್ಲಲಿಲ್ಲ, ಎಡಕ್ಕೆ ಹರಿಯಿತು. ಶೀತವಾದಾಗಲೆಲ್ಲ ಸೋರುವ, ಮಾತು ಸರಿಯಾಗಿ ಹಿಡಿಯದ ನನ್ನ ಎಡಗಿವಿ, ಚೆನ್ನಾಗಿರುವ ಬಲಗಿವಿಗಿಂತ ಜೋರಾಗಿ ಗುಂಯ್ ಎಂದಿತು.

ಕಾಲೇಜಿನ ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಅಲ್ಲಿ ಸಹಾಯಕಿ, ಪಾಠಕ್ಕೆಂದು ಉಪಕರಣಗಳನ್ನು ಒರೆಸಿಡುತ್ತಿದ್ದೆ. ಎದುರುಮನೆಯ ಅತ್ತಿಗೆ ನೆನಪಾದರು…

ಅವರು ನಮಗೆ ಬಂಧುವಲ್ಲ. ಚನ್ನಗಿರಿಯಲ್ಲಿ ನಮ್ಮ ಮನೆಯ ಎದುರಿಗಿದ್ದ ಬಟ್ಟೆ ಅಂಗಡಿಯವರ ಮಗನನ್ನು ನಾನು ಅಣ್ಣ ಎನ್ನುತ್ತಿದ್ದೆ, ಹಾಗಾಗಿ ಅವರು ಅತ್ತಿಗೆ. ಅದಾಗಿ ಏಳೆಂಟು ವರ್ಷವಾಗಿತ್ತು; ಎಪ್ಪತ್ತರ ದಶಕದ ಕೊನೆ, ಆಗ ನಾನಿನ್ನೂ ಹೈಸ್ಕೂಲು. ಅವರದೂ ಎಡಗಿವಿಯೇ. ಚಿಕ್ಕಂದಿನಿಂದ ಸೋರಿ ಸೋರಿ ಕಿವಿತಮಟೆಯಲ್ಲಿ ತೂತಾಗಿತ್ತು. ಅವರ ಅತ್ತೆ ಆ ಕಿವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿದ್ದರು, ಕರೆದದ್ದು ಕೇಳಿಸದಿದ್ದಾಗ ‘ಕಿವುಡಿ’ ಎಂದು ಬಯ್ಯುತ್ತಿದ್ದರು. ಎರಡನ್ನೂ ಅಷ್ಟೇ ಮನಸ್ಸಿಟ್ಟು ಮಾಡುತ್ತಿದ್ದರು.

ದಾವಣಗೆರೆಯ ಕಿವಿ ಡಾಕ್ಟರು ಇಂಥದೇ ಕವೆಯನ್ನು ಅತ್ತಿಗೆಯ ಹಣೆಗೆ ಇಟ್ಟು ನೋಡಿದ್ದರಂತೆ. ವಾಪಸು ಬಂದವರು ನಮ್ಮ ಕಟ್ಟೆಯ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು.

“ಕೆಟ್ಟ ಕಿವಿಗೇ ಜೋರಾಗಿ ಕೇಳ್ತು ಕಣೇ! ಇನ್ನೂ ಏನೇನೋ ನೋಡಿದ್ರು. ಒಳಗಿನ ನರ ಗಟ್ಟಿ ಐತಂತೆ, ಹರಿದಿರೋದು ಪೊರೆ ಅಷ್ಟೇ. ಕಿವಿ ಮೇಲಿಂದ ತೆಳ್ಳಗೆ ಒಂದು ಪೊರೆ ತಗದು ತೂತಿಗೆ ಹಚ್ತಾರಂತೆ. ನಂದೇ ಬಟ್ಟೆ, ನಂದೇ ತೇಪೆ.”

ತೂತು ಮುಚ್ಚುವ ಸಂಭವ ಹೆಚ್ಚು, ಆದರೆ ಎಷ್ಟು ಕೇಳಿಸುತ್ತದೆಂದು ಮಾತು ಕೊಡಲಾರೆ ಎಂದು ಡಾಕ್ಟರು ಹೇಳಿದ್ದನ್ನೂ ಅವರು ಮುಚ್ಚಿಡಲಿಲ್ಲ.

ಮನೆಯಲ್ಲಿ ತಕರಾರೆದ್ದದ್ದು ಖರ್ಚಿಗಲ್ಲ, ಓಲೆಗೆ. ಆಪರೇಷನ್ನಿಗೆ ಓಲೆ ಬಿಚ್ಚಬೇಕು, ಕಿವಿಯ ಹಿಂದೆ ಕೂದಲು ಬೋಳಿಸಬೇಕು.

“ಮುತ್ತೈದೆ ಓಲೆ ಬಿಚ್ತಾಳೇನೆ? ಕೂದ್ಲು ಬೋಳಿಸ್ಕಂತಾಳೇನೆ? ನನ್ನ ಮಗ ಇನ್ನೂ ಗಟ್ಟಿಯಾಗಿ ಅವ್ನೆ!” ಅವರ ಅತ್ತೆಯ ದನಿ ಬೀದಿಗೆಲ್ಲ ಕೇಳಿಸುತ್ತಿತ್ತು.

“ಬೋಳಿಸೋದು ಕಿವಿ ಹಿಂದೆ ನಾಕು ಬೆಟ್ಟು ಜಾಗ, ಅತ್ತೆಮ್ಮ. ನಿಮ್ಮ ಮಗನ ಆಯಸ್ಸು ಅಲ್ಲೇನೂ ಇಲ್ಲ.”

ಹಾಗೆಂದು ಅತ್ತಿಗೆ ಜಗಲಿಯಲ್ಲೇ ಎರಡೂ ಓಲೆ ಬಿಚ್ಚಿ ಗಂಡನ ಕೈಗಿಟ್ಟರು. ಅಣ್ಣ ಅವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಚೀಲ ಎತ್ತಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದ.

ತಿರುಗಿ ಬಂದಾಗ ತಲೆಗೆ ಪಟ್ಟಿ. ಪಟ್ಟಿ ಹೋದ ಮೇಲೆ ಕಿವಿಯಲ್ಲಿ ವ್ಯಾಸಲೀನ್ ಸವರಿದ ಹತ್ತಿ. ಒಳಗೆ ನೀರು, ಎಣ್ಣೆ ಒಂದು ಹನಿಯೂ ಹೋಗಕೂಡದು, ಮೂಗು ಸೀದಬಾರದು. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಇಲ್ಲವಾದರೆ ಒಳಗಿನ ಗಾಳಿಗೆ ತೇಪೆ ಎದ್ದುಹೋದೀತು. ಹಬ್ಬದ ಧೂಳು ಹೊಡೆಯುವಾಗ ಅತ್ತಿಗೆ ಬೀದಿಯೇ ಬೆಚ್ಚುವಂತೆ ಸೀನುತ್ತಿದ್ದರು.

“ಹೆಣ್ಮಕ್ಳು ಹಿಂಗೆ ಸೀನ್ತಾರೇನೆ?”

“ತೇಪೆ ಹಾಕಿಸ್ಕಂಡ ಹೆಣ್ಮಕ್ಳು ಹಿಂಗೇ ಅತ್ತೆಮ್ಮ.”

ದೀಪಾವಳಿಯ ನೀರು ತುಂಬುವ ಹಬ್ಬದ ಮರುಬೆಳಿಗ್ಗೆ ನಾನು ಅವರ ಮನೆಗೆ ತಿಂಡಿಯ ತಟ್ಟೆ ಕೊಡಲು ಹೋಗಿದ್ದೆ. ಬಚ್ಚಲ ಬಾಗಿಲಲ್ಲಿ ಮಣೆ ಹಾಕಿ, ಅವರ ಅತ್ತೆ ಒಬ್ಬೊಬ್ಬರಿಗೂ ನೆತ್ತಿಗೆ ಹರಳೆಣ್ಣೆ ಒತ್ತಿ, ಕಿವಿಗೆ ಹನಿ ಬಿಡುತ್ತಿದ್ದರು. ಅತ್ತಿಗೆ ಮಣೆಯ ಮೇಲೆ ಕೂರಲಿಲ್ಲ. ಸೂರಗೊಂಡನಕೊಪ್ಪದ ಕಡೆಯಿಂದ ಬಂದಿದ್ದ ನೆಂಟರೆಲ್ಲ ನೋಡುತ್ತ ನಿಂತಿದ್ದರು.

“ಎರಡೇ ಹನಿ ಕಣೇ. ಹಬ್ಬದ ದಿನ ಎಣ್ಣೆ ಒಲ್ಲೆ ಅಂದ್ರೆ ಮನೆಗೆ ಒಳ್ಳೇದಾಗ್ತೈತಾ?”

ಆ ಎರಡು ಹನಿಗೆ ಅಷ್ಟೂ ದಿನದ ಕಷ್ಟ ಹಾಳಾಗಬಹುದಿತ್ತು. ಅತ್ತಿಗೆ ಎಣ್ಣೆಯ ಬಟ್ಟಲನ್ನು ಅತ್ತೆಯ ಕೈಯಿಂದ ಮೆಲ್ಲಗೆ ತೆಗೆದುಕೊಂಡರು, ದೇವರ ಕೋಣೆಗೆ ಹೋದರು, ದೊಡ್ಡ ದೀಪಕ್ಕೆ ಅಷ್ಟನ್ನೂ ಸುರಿದರು.

“ಮನೆಗೆ ಒಳ್ಳೇದಾಗ್ಲಿ ಅಂತ ತಾನೆ? ಉರೀಲಿ ಬಿಡ್ರಿ.”

ಆ ದೀಪ ರಾತ್ರಿಯವರೆಗೂ ಉರಿಯಿತಂತೆ…

ತೇಪೆ ಕೂತಿತು, ಕಿವಿ ಸೋರುವುದು ನಿಂತಿತು. ಕೇಳುವುದು ಪೂರ್ತಿ ಬರಲಿಲ್ಲ. ಪಿಸುಮಾತು ಹತ್ತುತ್ತಿರಲಿಲ್ಲ, ಸಂತೆಯ ಗದ್ದಲದಲ್ಲಿ ಮಾತು ಕಲಸಿಹೋಗುತ್ತಿತ್ತು. ಆದರೆ ಎಡಗಡೆ ನಿಂತು ಯಾರೋ ‘ಕಿವುಡಿ’ ಎಂದಾಗ ಅವರು ತಿರುಗಿ, “ಈ ಕಡೆಯಿಂದ ಅಂದಿದ್ದೂ ಕೇಳ್ತೈತೆ ಈಗ, ಜೋಪಾನ” ಎಂದದ್ದನ್ನು ನಾನೇ ನೋಡಿದ್ದೇನೆ. ಇಷ್ಟು ಒದ್ದಾಡಿ ಬಂದದ್ದು ಇಷ್ಟೇನಾ ಎಂದು ಅತ್ತೆ ಕೇಳಿದಾಗಲೂ ಅವರ ತಲೆ ತಗ್ಗಲಿಲ್ಲ. “ಇಷ್ಟೇ. ಆದ್ರೆ ಇಷ್ಟೂ ನಂದು.”

ಆಮೇಲೆ ಆ ಮನೆಯವರು ಅಂಗಡಿಯನ್ನು ಹೊನ್ನಾಳಿಗೆ ಸಾಗಿಸಿದರು. ನಾನು ಶ್ರುತಿಕವೆ ಹಿಡಿದು ನಿಂತ ಆ ದಿನಕ್ಕೆ ಒಂದು ವರ್ಷ ಮುಂಚೆ ಅತ್ತಿಗೆ ಕಾಮಾಲೆಯಿಂದ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳಾದ ಮೇಲೆ, ಅದೂ ಬೇರೆ ಮಾತಿನ ನಡುವೆ. ನನ್ನ ಕಿವಿಯ ವಿಷಯವನ್ನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ. ಹೇಳಿದ್ದರೆ ಅವರೇ ಕೈಹಿಡಿದು ದಾವಣಗೆರೆಗೆ ಎಳೆದೊಯ್ಯುತ್ತಿದ್ದರು… ಆ ಕೈ ಇನ್ನಿರಲಿಲ್ಲ.

ಜಗಳೂರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಮ್ಮ ನನ್ನನ್ನು ಬಲಗಿವಿ ಅವರ ಕಡೆಗಿರುವಂತೆ ಕೂರಿಸುವ ಜಾಗವನ್ನೂ ಗೊತ್ತುಮಾಡಿದ್ದಳು. ಶ್ರುತಿಕವೆ ಹಿಡಿದ ಆ ದಿನ ಸಂಜೆ ಮನೆಗೆ ಬಂದು, ದಾವಣಗೆರೆಗೆ ಹೋಗಿ ಕಿವಿ ತೋರಿಸಿ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದೆ.

“ಮದ್ವೆ ಆಗ್ಲಿ, ಆಮ್ಯಾಲೆ ಮಾಡಿಸ್ಕಳ್ಳುವಂತೆ. ಈಗ ಕೂದ್ಲು ಬೋಳಿಸ್ಕಂಡು ಕುಂತ್ರೆ ಅವ್ರು ಏನಂದಾರು?”

“ಅವ್ರಿಗೆ ಎಲ್ಲಾ ಹೇಳಿಬಿಡಮ್ಮ. ಕೇಳಿದ ಮೇಲೂ ಬರೋದಾದ್ರೆ ಬರ್ಲಿ.”

ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಎರಡೂ ಓಲೆಗಳ ತಿರುಪು ಬಿಚ್ಚಿದೆ. ಅಮ್ಮನ ಅಂಗೈಯಲ್ಲಿಟ್ಟು, ದಾವಣಗೆರೆಯ ಮೊದಲ ಬಸ್ ಹತ್ತಿದೆ. ಯಾವಾಗಲೂ ಎಡಗಡೆಯ ಕಿಟಕಿಗೆ ಒತ್ತಿ ಕೂರುವವಳು, ಅಂದು ಬಲಗಡೆಯ ಕಿಟಕಿಯ ಪಕ್ಕ ಕೂತೆ, ಬರಿಯ ಎಡಗಿವಿ ಜನರ ಕಡೆಗಿರುವಂತೆ.