ಕೊಯ್ನೆಲ್ ಇಲ್ಲದ ಔಷಧ

ಯಾರಾದರೂ ಬಾಟಲಿ ಹಿಡಿದುಕೊಂಡು ಬಂದು "ಶಾಸ್ತ್ರೀಯ" ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾವ ಶಾಸ್ತ್ರ, ಯಾರು ಪರೀಕ್ಷೆ ಮಾಡಿದರು, ಯಾರಿಗೆ ಕೊಟ್ಟು ನೋಡಿದರು ಎಂದು ಕೇಳದೆ ನಾನು ಕೆಮ್ಮಿನ ಗುಳಿಗೆಯನ್ನೂ ನುಂಗುವವಳಲ್ಲ. ಮೊಮ್ಮಕ್ಕಳು ಅನುಮಾನದ ಅಜ್ಜಿ ಎಂದು ಗೇಲಿ ಮಾಡುತ್ತಾರೆ. ಮಾಡಲಿ. ಗುಣ ಹುಟ್ಟಿನಿಂದ ಬಂದದ್ದೇ ಇರಬಹುದು, ಆದರೆ ಅದಕ್ಕೆ ಸಾಣೆ ಹಿಡಿದದ್ದು ಹಟ್ಟಿಕೇರಿಯಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಮೂವತ್ತರ ದಶಕದ ಒಂದು ವರ್ಷ, ಚೌತಿ ಮುಗಿದಿತ್ತು.

ಅಕ್ಕ ಆಗ ಮೂರನೇ ಸಲ ಬಸುರಿ. ಮೊದಲಿನ ಎರಡು ನಿಂತಿರಲಿಲ್ಲ. ಎರಡು ಸಲವೂ ಚಳಿಜ್ವರ ಬಂದು ಮಲಗಿದವಳಿಗೆ ಹೊಟ್ಟೆನೋವು ಶುರುವಾಗಿ, ದಿನ ತುಂಬದೆ ಹೋಗಿಬಿಟ್ಟಿದ್ದವು. ಈ ಸಲವೂ ಹೋದರೆ ಭಾವನಿಗೆ ಬೇರೆ ಹೆಣ್ಣು ನೋಡುವುದೆಂದು ಕೇರಿಯಲ್ಲಿ ಆಗಲೇ ಗುಸುಗುಸು ಎದ್ದಿತ್ತು. ನಮ್ಮ ತಾಯಿ ತೀರಿಕೊಂಡಿದ್ದರಿಂದ ಅಕ್ಕನನ್ನು ತವರಿಗೆ ಕರೆಸಿಕೊಳ್ಳುವವರಿರಲಿಲ್ಲ. ಮಚವೆ ಹಡಗಿನಲ್ಲಿ ಮುಂಬೈ ಕಡೆ ಹೋದ ನನ್ನ ಗಂಡ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹಾಗಾಗಿ ಕಾರವಾರದಿಂದ ನಾನೇ ಗಂಟು ಕಟ್ಟಿಕೊಂಡು ಅಕ್ಕನ ಆರೈಕೆಗೆ ಹೋದೆ.

ಭಾವ ರಾಮನಗುಳಿ ಕಡೆಯಿಂದ ಕಟ್ಟಿಗೆ ಗಾಡಿ ಹೊಡೆಯುತ್ತಿದ್ದ, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಮನೆಯ ಯಜಮಾನಿಕೆ ಅಕ್ಕನ ಅತ್ತೆಯದು. ಕೆಟ್ಟ ಹೆಂಗಸಲ್ಲ. ಗದ್ದೆ ಕೆಲಸದಿಂದ ಬಂದು ಸೊಸೆಗೆ ತಾನೇ ಬಿಸಿನೀರು ಕಾಯಿಸಿಕೊಡುವಷ್ಟು ಒಳ್ಳೆಯವರು. ಆದರೆ ಒಂದು ವಿಷಯದಲ್ಲಿ ಮಾತ್ರ ಕಲ್ಲು. ಕ್ವಿನೈನಿಗೆ ನಮ್ಮ ಕಡೆ ಕೊಯ್ನೆಲ್ ಎನ್ನುತ್ತಿದ್ದರು. ಕೊಯ್ನೆಲ್ ಕುಡಿದರೆ ಗರ್ಭ ಕರಗಿ ಹೋಗುತ್ತದೆ ಎಂದು ಅತ್ತೆ ನಂಬಿದ್ದರು. ಟಪಾಲು ಕಚೇರಿಯಲ್ಲಿ ಸರಕಾರ ಅದನ್ನು ಪೊಟ್ಟಣ ಕಟ್ಟಿ ಮಾರುತ್ತಿದ್ದರೂ ಬಸುರಿ ಇದ್ದ ಆ ಮನೆಯ ಹೊಸ್ತಿಲು ಅದು ದಾಟುವ ಹಾಗಿರಲಿಲ್ಲ.

ಇಂಥಲ್ಲಿಗೆ ಬಂದವನು ಔಷಧ ಮಾರುವ ಒಬ್ಬ ಏಜಂಟ. ಆಗಬೋಟು ಎಂಬ ಹೊಗೆಹಡಗಿನಲ್ಲಿ ಬಂದು ಕಾರವಾರದಲ್ಲಿ ಇಳಿದು, ಸರ್ವಿಸ್ ಮೋಟಾರು ಹತ್ತಿ ಊರೂರು ತಿರುಗುವವನು. ಕೋಟು, ಕರಿ ಟೋಪಿ, ಕೈಯಲ್ಲಿ ಪೆಟ್ಟಿಗೆ. ಅಂಗಡಿಯ ಮುಂದೆ ಬಾಟಲಿಗಳನ್ನು ಸಾಲಾಗಿ ಇಟ್ಟ. ನಾನು ಕಾರವಾರದ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಹೋದವಳು, ಮರಾಠಿ ಓದಬಲ್ಲೆ. ಬಾಟಲಿಯ ಚೀಟಿಯ ಮೇಲೆ ಮರಾಠಿಯಲ್ಲಿ ಹೀಗೆ ಬರೆದಿತ್ತು: ಚಳಿಜ್ವರಕ್ಕೆ ರಾಮಬಾಣ, ಶಾಸ್ತ್ರೀಯ ರೀತಿಯಿಂದ ಪರೀಕ್ಷಿಸಿದ್ದು, ಕೊಯ್ನೆಲ್ ಸರ್ವಥಾ ಇಲ್ಲ, ಗರ್ಭಿಣಿಯರಿಗೂ ನಿರಪಾಯ. ಅದರ ಕೆಳಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತ ಒಬ್ಬ ಗಡ್ಡದವನ ಚಿತ್ರ. ಅವನು ಯಾರು, ಎಲ್ಲಿಯವನು ಎಂದು ಒಂದಕ್ಷರ ಇಲ್ಲ. ನನ್ನ ಮೂಗು ಅಲ್ಲಿಯೇ ಚುರುಕಾಯಿತು.

ಬರೀ ಮಾತಿಗೆ ಜನ ಬೀಳುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಗಾಜಿನ ಲೋಟದಲ್ಲಿ ಕೆಂಪು ನೀರು ತೋರಿಸಿ, ಇದು ಜ್ವರದ ವಿಷ ಹೊಕ್ಕ ರಕ್ತವೆಂದು ತಿಳಿಯಿರಿ ಎಂದ. ಔಷಧ ಹನಿಸಿದ. ಕೆಂಪು ಹೋಗಿ ನೀರು ತಿಳಿ ಹಳದಿಯಾಯಿತು. ಅತ್ತೆ ಸೆರಗಿನ ಗಂಟು ಬಿಚ್ಚಿಯೇಬಿಟ್ಟರು. ಅಕ್ಕನಿಗೆ ಅದೇ ವಾರ ಮೈ ನಡುಗಿ ಚಳಿ ಬಂದಿತ್ತು. ಅವರ ಜಾಗದಲ್ಲಿ ನಾನಿದ್ದರೂ ಬಿಚ್ಚುತ್ತಿದ್ದೆನೋ ಏನೋ.

ಆ ಕೆಂಪು ಮಾತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗೆ ನಿಂತಿತು. ಎಲ್ಲೋ ನೋಡಿದ ಬಣ್ಣ. ಒಲೆಯ ಮುಂದೆ ಕೂತಾಗ ಹೊಳೆಯಿತು, ಆರತಿಯ ಓಕುಳಿ! ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಆಗುವ ಕೆಂಪು. ಮರುದಿನ ಬೆಳಿಗ್ಗೆ ಹಿತ್ತಿಲಿನ ಬಿಂಬಲಿಕಾಯಿ ಕೊಯ್ದು, ಅತ್ತೆಯನ್ನು ಎದುರಿಗೆ ಕೂರಿಸಿ, ಓಕುಳಿ ಮಾಡಿ, ಬಿಂಬಲಿಯ ಹುಳಿ ಹಿಂಡಿದೆ. ಕೆಂಪು ಹೋಗಿ ಹಳದಿ ಆಯಿತು. ನೋಡಿ ಅತ್ತೆ, ನಿಮ್ಮ ಹಿತ್ತಿಲಿನ ಬಿಂಬಲಿಯೂ ಚಳಿಜ್ವರ ಬಿಡಿಸುತ್ತದೆ ಎಂದೆ. ನನಗೆ ಗೆದ್ದ ಹುಮ್ಮಸ್ಸು.

ಅತ್ತೆ ಲೋಟ ನೋಡಿದರು, ನನ್ನ ಮುಖ ನೋಡಿದರು. ಅವನ ಔಷಧದಲ್ಲೂ ಹುಳಿ ಇದೆ ಅಂತಾಯಿತು, ಹುಳಿ ಏನು ವಿಷವೇ ಎಂದು ಕೇಳಿ ಗದ್ದೆಗೆ ಹೊರಟರು. ನನಗೆ ಮೈಯೆಲ್ಲ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಆದರೆ ಅವರ ಮಾತಿನಲ್ಲಿ ಹುರುಳಿತ್ತು ಎಂದು ನನಗೆ ಹೊಳೆದದ್ದು ಆಮೇಲೆ. ಅವನ ಆಟ ಮೋಸವೆಂದು ನಾನು ತೋರಿಸಿಕೊಟ್ಟೆ, ನಿಜ. ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ.

ಮತ್ತೆ ಹುಡುಕಾಟ ಶುರು ಮಾಡಿದೆ. ಬಾಟಲಿಯ ಜೊತೆ ಕೊಟ್ಟ ಪುಸ್ತಿಕೆಯಲ್ಲಿ ಗುಣವಾದವರ ಪತ್ರಗಳಿದ್ದವು. ಒಂದು ರಾಮನಗುಳಿಯವರದ್ದು. ಭಾವನಿಗೆ ಹೇಳಿ ಅಲ್ಲಿ ವಿಚಾರಣೆ ಮಾಡಿಸಿದೆ, ಅಂಥ ಮನುಷ್ಯ ಅಲ್ಲಿ ಇರಲೇ ಇಲ್ಲ. ಕೇರಿಯಲ್ಲಿ ಕುಡಿದವರಿಗೆ ಗುಣವಾಗಿತ್ತು, ಕುಡಿಯದವರಲ್ಲಿಯೂ ಕೆಲವರಿಗೆ ಗುಣವಾಗಿತ್ತು. ಚಳಿಜ್ವರ ತಾನಾಗಿಯೂ ಒಮ್ಮೊಮ್ಮೆ ಬಿಡುತ್ತದೆ. ಆಗ ಬಾಟಲಿ ಕುಡಿದವನು ಬಾಟಲಿಗೆ ಕೈಮುಗಿಯುತ್ತಾನೆ, ಕುಡಿಯದವನು ದೇವರಿಗೆ. ಇದನ್ನೆಲ್ಲ ಜಗಲಿಯಲ್ಲಿ ಕೂತು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ಅಕ್ಕ ಕೇಳಿಸಿಕೊಳ್ಳುತ್ತಲೇ ಚಮಚಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ಅವಳ ಜ್ವರ ಬಿಟ್ಟಿತ್ತು. ಅದು ನನ್ನ ಅನುಮಾನವನ್ನು ಕಡಿಮೆ ಮಾಡಲಿಲ್ಲ, ಮೋಸಗಾರನ ಔಷಧಕ್ಕೆ ಜ್ವರ ಬಿಟ್ಟದ್ದು ಹೇಗೆ ಎಂದು ಹೆಚ್ಚಿಸಿತು.

ಅಷ್ಟರಲ್ಲಿ ನನಗೇ ಜ್ವರ ಬಂತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುವ ಚಳಿ. ಅತ್ತೆಗೆ ಒಳಗೊಳಗೇ ಖುಷಿಯಾಗಿರಬೇಕು, ಅದೇ ಬಾಟಲಿ ಹಿಡಿದು ಬಂದರು. ನಾನು ಬೈಯುತ್ತಲೇ ಚೀಟಿಯಲ್ಲಿ ಬರೆದಷ್ಟನ್ನೂ ಕುಡಿದೆ. ಬೆಲ್ಲ, ಲವಂಗ, ಅದರ ಹಿಂದೆ ನಾಲಿಗೆ ಮುದುರುವ ಕಹಿ. ಕಹಿ ಕಿರಾತಕಡ್ಡಿಯದು ಎಂದು ಏಜಂಟ ಹೇಳಿದ್ದ. ಮೂರನೇ ದಿನ ಜ್ವರ ಇಳಿಯಿತು. ಆದರೆ ಕಿವಿಯಲ್ಲಿ ಗುಂಯ್ ಎಂಬ ಸದ್ದು, ಜೀರುಂಡೆ ಹೊಕ್ಕ ಹಾಗೆ.

ಆ ಸದ್ದು ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಕಾರವಾರದಲ್ಲಿ ನಮಗಿಬ್ಬರಿಗೂ ಜ್ವರ ಬಂದಾಗ ಅಪ್ಪ ಮೂಗು ಹಿಡಿದು ಕೊಯ್ನೆಲ್ ಕುಡಿಸುತ್ತಿದ್ದ. ಅದನ್ನು ಕುಡಿದಾಗಲೆಲ್ಲ ಇದೇ ಗುಂಯ್. ಕಿರಾತಕಡ್ಡಿಯ ಕಷಾಯವನ್ನು ನಾವು ತಂಬಿಗೆಗಟ್ಟಲೆ ಕುಡಿದು ಬೆಳೆದವರು, ಅದಕ್ಕೆ ಎಂದೂ ಕಿವಿ ಕೂಗಿದ್ದಿಲ್ಲ. ಕೊಯ್ನೆಲ್ ಇಲ್ಲವೆಂದು ನಂಬಿಸಿ ಬಸುರಿಗೆ ಕೊಯ್ನೆಲ್ಲೇ ಕುಡಿಸುತ್ತಿದ್ದಾರೆ! ಅತ್ತೆ ಹೇಳುವಂತೆ ಅದು ಗರ್ಭ ಕರಗಿಸುವುದು ನಿಜವೇ ಆಗಿದ್ದರೆ?

ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಕೋಲೆಗೆ ನಡೆದೆ. ದವಾಖಾನೆಯ ಡಾಕ್ಟರು ವಯಸ್ಸಾದವರು, ಮುಖದ ಮೇಲೆ ನಗುವಿಲ್ಲ. ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, ನನ್ನ ಕಿವಿಯ ಕಥೆ ಕೇಳಿ, ಕೊಯ್ನೆಲ್ಲೇ ಎಂದರು. ಅದನ್ನು ಕರಗಿಸಲು ಹುಳಿ ಹಾಕಬೇಕಾಗುತ್ತದಂತೆ, ತಾವೂ ಹಾಕುತ್ತಾರಂತೆ. ಹಾಗಾದರೆ ಅಕ್ಕನಿಗೆ ನಿಲ್ಲಿಸಿಬಿಡಲೇ ಎಂದು ಕೇಳಿದೆ. ಅವರ ಮುಖ ಗಂಟಾಯಿತು.

"ನಿಲ್ಸಬೇಡ. ಕೂಸನ್ನ ತೆಗೀತಾ ಇರೂದು ಜ್ವರ," ಎಂದರು. "ಅಳತೆ ಮೀರಿದ್ರೆ ಕೊಯ್ನೆಲ್ಲೂ ಅಪಾಯವೇ. ಈ ಬಾಟ್ಲಿಲಿ ಎಷ್ಟು ಹಾಕಿದಾರೋ ನಂಗೆ ಗುತ್ತಿಲ್ಲ, ಮಾರವನಿಗೂ ಗುತ್ತಿಲ್ಲ. ನಾ ಅಳದು ಕೊಡ್ತೆ, ಅದನ್ನ ಕುಡೂಕೆ ಹೇಳು."

ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ನಿಜ ಹೇಳಿದರೆ ಅಕ್ಕ ಹೆದರಿ ಕುಡಿಯುವುದನ್ನೇ ಬಿಟ್ಟರೆ ಏನು ಗತಿ? ಹೇಳದೆ ಇದ್ದರೆ ಆ ಏಜಂಟನಿಗೂ ನನಗೂ ಏನು ವ್ಯತ್ಯಾಸ? ಕೊನೆಗೆ ಹಿತ್ತಿಲಿನ ಬಾವಿಕಟ್ಟೆಯ ಹತ್ತಿರ ಅವಳೊಬ್ಬಳೇ ಸಿಕ್ಕಾಗ ತಡೆದುಕೊಳ್ಳಲಾಗದೆ ಎಲ್ಲವನ್ನೂ ಒದರಿದೆ.

ಅಕ್ಕ ಕೊಡ ಕೆಳಗಿಟ್ಟಳು. "ನಂಗೆ ಮೊದ್ಲನೇ ದಿನಾನೇ ಕಿವಿ ಕೂಗ್ತು, ತಂಗಿ. ಅಪ್ಪ ಮೂಗು ಹಿಡದಿದ್ದು ನಿಂಗೊಬ್ಬಳಿಗೇ ಅಲ್ಲ."

ಗೊತ್ತಿದ್ದೂ ಕುಡಿದೆಯಾ ಎಂದೆ. ಚೀಟಿಯಲ್ಲಿ ಬರೆದದ್ದರ ಅರ್ಧ ಮಾತ್ರ ಕುಡಿಯುತ್ತಿದ್ದಳಂತೆ, ಅದೂ ಹೆದರಿ ಹೆದರಿ. ಎರಡು ಸಲ ಏನೂ ಕುಡಿಯದೆ ಕಳೆದುಕೊಂಡಿದ್ದಾಳೆ, ಈ ಸಲ ಕುಡಿದು ನೋಡೋಣ ಎನಿಸಿತಂತೆ. ದವಾಖಾನೆಯ ಔಷಧವನ್ನು ಅತ್ತೆ ಒಳಗೆ ಬಿಡುವುದಿಲ್ಲ, ಇದನ್ನಾದರೆ ತಾವೇ ತಂದು ಕೈಗಿಡುತ್ತಾರೆ. ಇಷ್ಟು ದಿನ ಮೈಮೇಲೆ ಬಂದವಳಂತೆ ಕೂಗಾಡಿದ ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಅವಳ ಹೊಟ್ಟೆ ನೋಡಿ ಅಳುವೂ ಬಂತು.

ಅವತ್ತೇ ಬಾಟಲಿಯನ್ನು ಬಚ್ಚಲಿಗೆ ಸುರಿದು, ಡಾಕ್ಟರು ಅಳೆದು ಕೊಟ್ಟ ಔಷಧವನ್ನು ಅದರಲ್ಲಿ ತುಂಬಿದೆವು. ಹೀಗೆ ಸುಳ್ಳು ಚೀಟಿಯ ಬಾಟಲಿಗೆ ನಾನೂ ಪಾಲುಗಾರ್ತಿಯಾದೆ. ಅತ್ತೆ ಹೊಸ ಬಾಟಲಿ ಕೊಟ್ಟಾಗಲೆಲ್ಲ ಅದನ್ನೂ ಸುರಿದು, ಏನಾದರೊಂದು ನೆವ ಹೇಳಿ ಅಂಕೋಲೆಗೆ ಹೋಗಿ ತುಂಬಿಸಿ ತರುತ್ತಿದ್ದೆ. ಜಗಲಿಯಲ್ಲಿ ಮೊದಲಿನಂತೆಯೇ ಆ ಬಾಟಲಿಯನ್ನು ಬೈಯುತ್ತಿರಬೇಕೆಂದು ಅಕ್ಕ ತಾಕೀತು ಮಾಡಿದ್ದಳು. ನಾನು ಬೈದಷ್ಟೂ ಅತ್ತೆಯ ನಂಬಿಕೆ ಗಟ್ಟಿಯಾಗುತ್ತಿತ್ತು. ಬೈಯುವುದು ನನಗೇನು ಕಷ್ಟದ ಕೆಲಸವೇ?

ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಕೂಡಲೇ ಕೇರಿಗೆಲ್ಲ ಕೇಳುವಂತೆ ಅತ್ತಿತು. ತೊಟ್ಟಿಲಿಗೆ ಹಾಕುವ ದಿನ ಹತ್ತಾರು ಹೆಂಗಸರು ಬಂದಿದ್ದರು. ಪಕ್ಕದ ಮನೆಯ ಸೊಸೆಯೂ ಬಂದಿದ್ದಳು. ಅವಳಿಗೆ ಚೊಚ್ಚಲು, ಹಿಂದಿನ ದಿನವಷ್ಟೇ ಚಳಿ ಬಂದು ಎದ್ದ ಮುಖ. ಅತ್ತೆ ಒಳಗೆ ಹೋಗಿ ಏಜಂಟನಿಂದ ಕೊಂಡಿಟ್ಟಿದ್ದ ಹೊಸ ಬಾಟಲಿ ತಂದು ಅವಳ ಕೈಗಿತ್ತರು. ನಮ್ಮ ಕೂಸು ಉಳಿದದ್ದು ಇದರಿಂದ, ದಿನಕ್ಕೆ ಮೂರು ಸಲ ತಪ್ಪದೆ ಕುಡಿ, ಬೇಗ ಗುಣವಾಗಬೇಕಾದರೆ ಇನ್ನೊಂದು ಚಮಚ ಹೆಚ್ಚೇ ಹಾಕಿಕೋ ಎಂದರು.

ನಾನು ಅಕ್ಕನ ಮುಖ ನೋಡಿದೆ. ಬಾಯಿ ತೆಗೆಯಬೇಕಾದವಳು ಅವಳು, ಆ ಮನೆಯಲ್ಲಿ ಬಾಳಬೇಕಾದವಳೂ ಅವಳೇ. ಅವಳು ಗೋಡೆ ಹಿಡಿದು ಎದ್ದು ನಿಂತಳು.

"ಅತ್ತೆ, ನಾ ಕುಡದಿದ್ದು ಅದಲ್ಲ. ನಾ ಕುಡದಿದ್ದು ದವಾಖಾನೆ ಕೊಯ್ನೆಲ್. ಆ ಬಾಟ್ಲಿಲೂ ಕೊಯ್ನೆಲ್ಲೇ ಇದೆ, ಎಷ್ಟು ಅಂತ ಮಾತ್ರ ಯಾರಿಗೂ ಗುತ್ತಿಲ್ಲ. ಅವಳಿಗೆ ಕೊಡಬೇಡಿ."

ಹೆಂಗಸರೆಲ್ಲ ಅತ್ತೆಯತ್ತ ತಿರುಗಿದರು. ಅತ್ತೆ ಆ ಹುಡುಗಿಯ ಕೈಯಿಂದ ಬಾಟಲಿ ವಾಪಸು ತೆಗೆದುಕೊಂಡರು. ಬೆಳಗಾಗುತ್ತಲೇ ಅಂಕೋಲೆಯ ದವಾಖಾನೆಗೆ ಹೋಗಬೇಕೆಂದು ಜೊತೆಗೆ ಬಂದಿದ್ದ ಅವಳ ಅತ್ತೆಗೆ ಹೇಳಿದರು. ಬಂದವರಿಗೆಲ್ಲ ಎಲೆ ಅಡಿಕೆ ಕೊಟ್ಟು ಕಳಿಸಿದರು. ಆಮೇಲೆ ತೊಟ್ಟಿಲ ಪಕ್ಕ ನೆಲಕ್ಕೆ ಕೂತರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ಹಾಂಗಾದ್ರೆ ಮೊದ್ಲಿನ ಎರಡು?" ಎಂದು ಕೇಳಿದರು.

ಅಕ್ಕ ಇಷ್ಟು ದಿನ ಬಾಯಿ ಬಿಡದಿದ್ದದ್ದು ಹೆದರಿಕೆಯಿಂದ ಎಂದುಕೊಂಡಿದ್ದೆ. ಅದಲ್ಲ, ಅತ್ತೆಗೆ ಈ ಪ್ರಶ್ನೆ ಒಂದು ದಿನ ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ತೊಟ್ಟಿಲಿನಿಂದ ಮಗುವನ್ನೆತ್ತಿ ಅತ್ತೆಯ ಮಡಿಲಲ್ಲಿ ಮಲಗಿಸಿದಳು. ಅದನ್ನು ಮುಟ್ಟಲು ಅತ್ತೆಗೆ ತುಂಬಾ ಹೊತ್ತು ಕೈ ಬರಲಿಲ್ಲ.